ಬೆಂಗಳೂರಿನ ಇತಿಹಾಸಕ್ಕೆ ಮೂರು ಆಶ್ರಯಗಳು

೧

ಪರಸ್ಥಳಗಳಿಂದ ಬೆಂಗಳೂರಿಗೆ ಬರತಕ್ಕ ಪ್ರವಾಸಿಗಳು ಒಂದೇ ದಿನದೊಳಗೆ ಮೂರು ಕಾರ್ಯಗಳನ್ನು ಮುಗಿಸಿಕೊಳ್ಳುವುದು ವಾಡಿಕೆ. ಬೆಳಗ್ಗೆ ವಸ್ತುಸಂಗ್ರಹಾಲಯವನ್ನು ನೋಡುವರು. ನಡುವೆ ಒಂದೆರಡು ದೇವಾಲಯಗಳಿಗೆ ಹೋಗಿ ಹಣ್ಣು ಕಾಯಿ ಮಾಡಿಸುವರು. ಸಂಜೆಯಾಗುತ್ತಲೆ ಚಿಕ್ಕಪೇಟೆಯ ಕಡೆಗೆ ತಿರುಗಿ ಸೀರೆ ಪಂಚೆಗಳನ್ನೋ ಪಾತ್ರೆಪದಾರ್ಥಗಳನ್ನೋ ಕೊಂಡು ಊರಿಗೆ ಹಿಂದಿರುಗುವರು. ಈ ಮೂರನ್ನೂ ಅವರು ಬೇರೆ ಬೇರೆಯಾಗಿಯೇ ಎಣಿಸುತ್ತಾರೆ. ಮೊದಲನೆಯದು ಜ್ಞಾನಕ್ಕೆ, ಎರಡನೆಯದು ಪುಣ್ಯಕ್ಕೆ, ಮೂರನೆಯದು ಸಂಸಾರದ ಅಗತ್ಯಕ್ಕೆ ಎಂದು ಅವರ ಭಾವನೆ.

ಇತಿಹಾಸವನ್ನು ಅರಸತಕ್ಕವನಿಗಾದರೋ ಇವು ಮೂರೂ ಒಂದೇ ದಫ್ತರಿನ ಮೂರು ಕಟ್ಟುಗಳು. ಊರಿನ ಹಿಂದಿನ ವೃತ್ತಾಂತವು ಇವುಗಳಲ್ಲಿ ಹಂಚಿಹೋಗಿದೆ. ಮತ್ತು ಒಂದೊಂದು ಆಶ್ರಯವೂ ಅದನ್ನು ತನ್ನದೇ ಆದ ರೀತಿಯಲ್ಲಿ ಕಾಪಾಡಿ, ತನ್ನದೇ ಆದ ರೀತಿಯಲ್ಲಿ ಕಳೆದಿದೆ. ವಸ್ತುಸಂಗ್ರಹಾಲಯವು ವಸ್ತುವನ್ನು ಉಳಿಸಿಕೊಂಡು ಸ್ಥಳವನ್ನು ಕಳೆದುಕೊಳ್ಳುತ್ತದೆ. ದೇವಾಲಯವು ಸ್ಥಳವನ್ನು ಬಿಡದೆ ಹಿಡಿದುಕೊಂಡು ವಸ್ತುವನ್ನು ಮಾರ್ಪಡಿಸುತ್ತದೆ. ಪೇಟೆಯು ವಸ್ತುವನ್ನೂ ಕಸಬನ್ನೂ ಬಿಟ್ಟುಕೊಟ್ಟು ಹೆಸರೊಂದನ್ನು ಮಾತ್ರ ಕಾಪಾಡುತ್ತದೆ. ಈ ಮಾತನ್ನು ಕೆಲವು ಪ್ರತ್ಯಕ್ಷ ನಿದರ್ಶನಗಳಿಂದ ಸ್ಥಾಪಿಸುವುದೇ ಈ ಲೇಖನದ ಉದ್ದೇಶ. ಪ್ರವಾಸಿಯ ಒಂದು ದಿನದ ಕ್ರಮವನ್ನೇ ನಮ್ಮ ವಿಚಾರಕ್ಕೂ ಅನುಸರಿಸೋಣ.

೨

ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯವು ೧೮೬೫ರಲ್ಲಿ ಸ್ಥಾಪಿತವಾಯಿತು. ಆಗ ಮೈಸೂರು ಸಂಸ್ಥಾನವು ಕಮಿಷನರುಗಳ ಆಡಳಿತಕ್ಕೆ ಒಳಪಟ್ಟಿದ್ದಿತು. ಬೌರಿಂಗ್ ಎಂಬುವರು ಮುಖ್ಯಾಧಿಕಾರಿಗಳಾಗಿದ್ದರು. ೧೮೫೧ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಆರಂಭಿಸಿದ್ದ ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫರ್ ಎಂಬುವರ ಉದ್ಯಮದಿಂದ ಇಲ್ಲಿಯೂ ಅಂಥದೊಂದು ಸಂಸ್ಥೆ ಹುಟ್ಟಿತು. ಈಗ ಕಬ್ಬನ್ ಉದ್ಯಾನದ ಅಂಚಿನಲ್ಲಿ ಕಸ್ತೂರಬಾ ರಸ್ತೆಯ ಮೇಲೆ ಕಾಣುವ ಕೆಂಪು ಬಣ್ಣದ ಕಟ್ಟಡವು ೧೮೭೭ರ ಸುಮಾರಿನದು. ಅದರ ಯೋಜನೆ ಸ್ಯಾಂಕಿ ಎಂಬ ಇಂಜಿನಿಯರರದು. ನೆರೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ವೆಂಕಟಪ್ಪ ಚಿತ್ರಶಾಲೆಯೂ ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಬಂದು ಸೇರಿಕೊಂಡವು.

ಈ ಸಂಗ್ರಹದಲ್ಲಿ ಕನ್ನಡ ನಾಡಿನ ಚರಿತ್ರೆಗೆ ಅತ್ಯಂತ ಮುಖ್ಯವಾದ ಎರಡು ಕಲ್ಲುಗಳಿವೆ. ಒಂದು ಆತಕೂರಿನದು, ಇನ್ನೊಂದು ಬೇಗೂರಿನದು.

ಆತಕೂರು ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಗ್ರಾಮ. ಅಲ್ಲಿಯ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲು ನೆಡಲ್ಪಟ್ಟಿದ್ದಿತು. ಶಕ ವರ್ಷ ೮೭೨, ಎಂದರೆ ಕ್ರಿ. ಶ. ೯೪೯–೫೦ರ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಮಾಡಿದ ಯುದ್ಧವನ್ನೂ, ಆ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ ತಿಳಿಸುತ್ತದೆ. ದಕ್ಷಿಣ ಹಿಂದೂಸ್ಥಾನದ ರಾಜಕೀಯ ಚರಿತ್ರೆಯನ್ನು ಬರೆಯತಕ್ಕವರು ಇಷ್ಟನ್ನು ಎತ್ತಿಕೊಂಡು ಮುಂದಕ್ಕೆ ಹೋಗುವರು. ಆದರೆ ಕಲ್ಲನ್ನು ನೆಡಿಸಿದ್ದು ಈ ದೊಡ್ಡ ಯುದ್ಧಕ್ಕಾಗಿ ಅಲ್ಲ. ಬೂತುಗನ ಆಳಾದ ಮಣಲೆರನೆಂಬ ವೀರನು ಆ ಕಾಳಗದಲ್ಲಿ ಪರಾಕ್ರಮವನ್ನು ತೋರಲು, ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದನು. ಅವನು ಬೇಡಿದ್ದು ಕಾಳಿಯೆಂಬ ಹೆಸರಿನ ಒಂದು ಬೇಟೆಯ ನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಒಂದು ಹಿರಿಯ ಹಂದಿಯ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆ ನಾಯಿಯ ನೆನಪಿಗೆ ಎದ್ದ ಕಲ್ಲು ಇದು. ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಗಳ ಹೋರಾಟವನ್ನು ಕೆತ್ತಿದೆ.

ಇದರಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದ ಒಂದು ಅಂಶವುಂಟು. ಕಲ್ಲಿನ ಪೂಜೆಗಾಗಿ ಭೂಮಿಯನ್ನು ಬಿಟ್ಟು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣಬಾರದೆಂಬ ಕಟ್ಟಳೆಯನ್ನು ಅದೇ ಶಾಸನವು ವಿಧಿಸುತ್ತದೆ. ಹೀಗೆ ಈ ಕಲ್ಲಿಗೆ ಒಂದು ಊರು, ಒಂದು ಗುಡಿ, ಒಂದು ಹೊಲ, ಒಬ್ಬ ಅರ್ಚಕ ಮತ್ತು ದಿನಕ್ಕೊಂದು ಪೂಜೆ ಇದ್ದವು. ವಸ್ತುಸಂಗ್ರಹಾಲಯದಲ್ಲಿ ಕಲ್ಲು ಮಳೆ ಬಿಸಿಲುಗಳಿಂದಲೂ ಎಣ್ಣೆ ಕುಂಕುಮಗಳಿಂದಲೂ ಪಾರಾಗಿ ನಿಂತಿದೆ. ಒಂದೊಂದು ಅಕ್ಷರವೂ ಓದುವುದಕ್ಕೆ ಸಿಕ್ಕುತ್ತದೆ. ಆದರೆ ಶಾಸನವು ಯಾವ ಬದುಕಿನ ಮಧ್ಯದಲ್ಲಿ ತನ್ನನ್ನು ಇರಿಸಬೇಕೆಂದು ಕೇಳಿಕೊಂಡಿದ್ದಿತೋ ಆ ಬದುಕು ಆತಕೂರಿನಲ್ಲಿಯೇ ಉಳಿಯಿತು. ಅಕ್ಷರಗಳನ್ನು ಕಾಪಾಡುವುದಕ್ಕಾಗಿ ಅಕ್ಷರಗಳ ಆಜ್ಞೆಯನ್ನೇ ಮೀರಬೇಕಾಯಿತು. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಬಯಲಿನಲ್ಲಿ ಬಿಟ್ಟಿದ್ದ ಎಷ್ಟೋ ಕಲ್ಲುಗಳು ಮೆಟ್ಟಿಲುಗಳಾಗಿಯೂ ಒಗೆಯುವ ಬಂಡೆಗಳಾಗಿಯೂ ಸವೆದುಹೋದುದನ್ನು ಬಲ್ಲವರು ಬಾಲ್ಫರರಂಥವರ ಉಪಕಾರವನ್ನು ಮರೆಯಲಾರರು. ಉಪಕಾರಕ್ಕೆ ತೆತ್ತ ಬೆಲೆ ಏನೆಂಬುದನ್ನು ಮಾತ್ರ ಗುರುತಿಸಬೇಕು.

೩

ಎರಡನೆಯ ಕಲ್ಲು ಬೆಂಗಳೂರಿಗೆ ಇನ್ನೂ ಹತ್ತಿರದ್ದು. ಬೇಗೂರು ನಗರದ ದಕ್ಷಿಣ ಭಾಗದಲ್ಲಿದ್ದ ಹಳ್ಳಿ. ಈಗ ನಗರದೊಳಗೇ ಸೇರಿಹೋಗಿದೆ. ಗಂಗರ ಕಾಲದಲ್ಲಿ ಅದು ಸುತ್ತಲಿನ ಗ್ರಾಮಗಳಿಗೆಲ್ಲ ಮುಖ್ಯಸ್ಥಾನವಾಗಿದ್ದಿತು. ಅಲ್ಲಿಂದ ವಸ್ತುಸಂಗ್ರಹಾಲಯಕ್ಕೆ ಬಂದ ವೀರಗಲ್ಲು ಅದರ ಗಾತ್ರಕ್ಕೂ ಕೆತ್ತನೆಗೂ ಪ್ರಸಿದ್ಧವಾದುದು. ಆನೆಗಳು, ಕುದುರೆಗಳು, ಬಿದ್ದ ಯೋಧರು, ಎಲ್ಲವೂ ಒಂದೇ ಹಲಗೆಯ ಮೇಲೆ ದಟ್ಟವಾಗಿ ತುಂಬಿವೆ. ಗಂಗರ ಎರೆಯಪ್ಪನು ಅಯ್ಯಪದೇವನ ಸಹಾಯಕ್ಕೆಂದು ನಾಗತ್ತರನನ್ನು ಕಳುಹಿಸಿದುದೂ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಯುದ್ಧದಲ್ಲಿ ನಾಗತ್ತರನು ಆನೆಗಳನ್ನು ಎದುರಿಸಿ ಮಡಿದುದೂ ಅದರಲ್ಲಿ ಉಕ್ತವಾಗಿವೆ. ಆತನ ಪದವಿಯನ್ನು ಇರುಗನಿಗೆ ಕಟ್ಟಿ, ಬೆಂಪೂರು ಮೊದಲಾದ ಹನ್ನೆರಡು ಗ್ರಾಮಗಳನ್ನು ಕೊಟ್ಟ ಸಂಗತಿಯೂ ಇದೆ. ಬೆಂಪೂರೇ ಈಗಿನ ಬೇಗೂರು.

ಇದೇ ನಾಗತ್ತರನ ಹೆಸರನ್ನು ಹೇಳುವ ಮತ್ತೊಂದು ವೀರಗಲ್ಲು ಬೇಗೂರಿನಲ್ಲಿಯೇ, ನಾಗೇಶ್ವರ ದೇವಾಲಯದ ಆವರಣದಲ್ಲಿಯೇ ಉಳಿಯಿತು. ಕಲೆಯ ದೃಷ್ಟಿಯಿಂದ ಅದು ಮೊದಲನೆಯದಕ್ಕೆ ಸರಿಸಾಟಿಯಲ್ಲ. ಬರಹವೂ ಕೆಲವೇ ಸಾಲು. ಆದರೆ ಆ ಸಾಲುಗಳಲ್ಲಿ ಬೆಂಗಳೂರಿನ ಕಾಳಗವೊಂದರ ಪ್ರಸ್ತಾಪವಿದೆ. ಶಾಸನದ ಕಾಲ ಸುಮಾರು ಕ್ರಿ. ಶ. ೮೯೦. ಈ ಸಣ್ಣ ಕಲ್ಲಿನಿಂದ ಎರಡು ವಿಷಯಗಳು ಇತ್ಯರ್ಥವಾದವು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿಕ್ಕಿದುದರಿಂದ ಊರಿಗೆ ಈ ಹೆಸರು ಬಂದಿತೆಂಬ ಐತಿಹ್ಯವು ನಿಲ್ಲಲಾರದು. ವೀರಬಲ್ಲಾಳನು ಹುಟ್ಟುವುದಕ್ಕೆ ಎರಡು ಶತಮಾನಗಳಿಗೂ ಮೊದಲೇ ಹೆಸರು ಬಳಕೆಯಲ್ಲಿತ್ತು. ಎರಡನೆಯದಾಗಿ, ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿದ್ದು ಕೋಟೆ ಪೇಟೆಗಳನ್ನು. ಹೆಸರು ಅವನಿಗಿಂತ ಆರೂವರೆ ಶತಮಾನ ಹಿರಿದು.

ಒಂದೇ ಊರಿನ, ಒಂದೇ ಮನೆತನಕ್ಕೆ ಸಂಬಂಧಪಟ್ಟ ಈ ಎರಡು ಕಲ್ಲುಗಳ ಗತಿಯನ್ನು ಹೋಲಿಸಿ ನೋಡತಕ್ಕದ್ದು. ಅಂದವಾದುದನ್ನು ಸಂಗ್ರಹಕಾರರು ಆರಿಸಿಕೊಂಡರು. ಒರಟಾದುದನ್ನು ಗುಡಿ ಉಳಿಸಿಕೊಂಡಿತು. ವಸ್ತುಸಂಗ್ರಹಾಲಯದಲ್ಲಿ ನಿಂತು ಮೊದಲನೆಯದನ್ನು ನೋಡುವವನಿಗೆ ಶಿಲ್ಪದ ಸೌಂದರ್ಯವು ಮನಸ್ಸನ್ನು ತುಂಬುತ್ತದೆಯೇ ಹೊರತು, ಬೆಂಪೂರು ಎಂಬುದು ತಾನು ಆ ಸಂಜೆಯೇ ಹೋಗಿಬರಬಹುದಾದಷ್ಟು ಹತ್ತಿರದಲ್ಲಿದೆಯೆಂದು ಹೊಳೆಯುವುದಿಲ್ಲ. ಬೇಗೂರಿನಲ್ಲಿ ಎರಡನೆಯದನ್ನು ನೋಡುವವನಿಗಾದರೋ ಗುಡಿ, ಕೆರೆ, ಕೋಟೆಯ ಮಣ್ಣಿನ ದಿಣ್ಣೆಗಳು ಸುತ್ತಲೂ ಇದ್ದು, ಶಾಸನದ ಪ್ರತಿಯೊಂದು ಮಾತಿಗೂ ನೆಲವು ಸಾಕ್ಷಿ ಹೇಳುತ್ತದೆ.

ಮಡಿವಾಳದ ಸೋಮೇಶ್ವರ ದೇವಾಲಯದ ನಿದರ್ಶನವೂ ಇಂಥದೇ. ಅದರ ಹೊರಗೋಡೆಗಳ ಮೇಲೆ ತಮಿಳು ಶಾಸನಗಳಿವೆ. ೧೨೪೭ರ ಒಂದರಲ್ಲಿ ‘ವೆಂಗಳೂರಿ’ನ ಹಿರಿಯ ಕೆರೆಯ ಕೆಳಗಿನ ಭೂಮಿಯ ದಾನವು ಹೇಳಲ್ಪಟ್ಟಿದೆ. ಶಾಸನವು ಗೋಡೆಯೇ ಆದುದರಿಂದ ಯಾರೂ ಅದನ್ನು ಕಿತ್ತೊಯ್ಯಲಿಲ್ಲ. ಅನ್ಯಭಾಷೆಯ ಅಕ್ಷರಗಳನ್ನು ಬರೆದ ಈ ಗೋಡೆಗೆ ಊರಿನ ಕನ್ನಡಿಗರು ತಲೆತಲಾಂತರದಿಂದ ಕೈಮುಗಿಯುತ್ತ ಬಂದಿದ್ದಾರೆ.

೪

ಹಾಗೆಂದು ದೇವಾಲಯವು ಎಲ್ಲವನ್ನೂ ಇದ್ದಹಾಗೆಯೇ ಇಡುತ್ತದೆಯೆಂದು ತಿಳಿಯಬಾರದು. ಪೂಜೆ ನಡೆಯುವ ಸ್ಥಳವು ಜೀವಂತವಾದುದು. ಜೀವವಿರುವುದು ಬೆಳೆಯದೆ ಇರದು. ಬಸವನಗುಡಿಯ ಸಮೀಪದಲ್ಲಿರುವ ಗವಿಗಂಗಾಧರೇಶ್ವರನ ಗುಡಿಯು ಇದಕ್ಕೆ ಉತ್ತಮ ದೃಷ್ಟಾಂತ. ಬಂಡೆಯಲ್ಲಿ ಕೊರೆದ ಈ ಗುಡಿಯಲ್ಲಿ ಮಕರಸಂಕ್ರಾಂತಿಯ ಸಂಜೆ ಅಸ್ತಮಿಸುವ ಸೂರ್ಯನ ಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಸಹಸ್ರಾರು ಜನ ಸೇರುವರು. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ೧೭೯೨ರಲ್ಲಿ ಬೆಂಗಳೂರಿಗೆ ಬಂದಿದ್ದಾಗ ಈ ಗುಡಿಯ ಚಿತ್ರವನ್ನು ಬರೆದಿದ್ದರು. ೨೦೦೮ರಲ್ಲಿ ಕೆಲವರು ವಿದ್ವಾಂಸರು ಆ ಚಿತ್ರವನ್ನು ಈಗಿನ ಕಟ್ಟಡದೊಂದಿಗೆ ಹೋಲಿಸಿ, ಖಗೋಳಗಣಿತದ ಸಹಾಯದಿಂದ ಪರೀಕ್ಷಿಸಿದರು. ಇಂದಿರುವ ಗೋಡೆ ಮಂಟಪಗಳಲ್ಲಿ ಕೆಲವು ಆಗ ಇರಲಿಲ್ಲವೆಂದೂ, ಬಿಸಿಲು ಒಳಹೋಗುವ ದಾರಿಯು ಹಿಂದೆ ಈಗಿನದಕ್ಕಿಂತ ತೆರವಾಗಿದ್ದಿತೆಂದೂ ಅದರಿಂದ ಕಂಡುಬಂದಿತು. ಭಕ್ತರ ಅನುಕೂಲಕ್ಕಾಗಿ ಎದ್ದ ಗೋಡೆಯು ಭಕ್ತಿಯ ವಿಷಯವಾದ ಬೆಳಕಿಗೇ ಮಿತಿಯನ್ನು ಕಟ್ಟಿತು. ಸ್ಥಳವು ಅದೇ, ದೇವರು ಅದೇ. ದೃಶ್ಯ ಮಾತ್ರ ಬೇರೆ. ಇದು ನಮಗೆ ತಿಳಿದುಬಂದುದಾದರೂ ಪರಸ್ಥಳದ ಚಿತ್ರಕಾರರಿಬ್ಬರ ಕಾಗದದಿಂದ ಎಂಬುದನ್ನು ಗಮನಿಸಬೇಕು. ಗುಡಿಯು ತನ್ನ ಹಿಂದಿನ ರೂಪವನ್ನು ತಾನೇ ನೆನಪಿನಲ್ಲಿಟ್ಟಿರಲಿಲ್ಲ.

ಸಮೀಪದಲ್ಲಿಯೇ ದೊಡ್ಡ ಬಸವಣ್ಣನ ಗುಡಿ. ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ರೈತರ ಬೆಳೆಯನ್ನು ಬಸವನೊಬ್ಬನು ರಾತ್ರಿ ಮೇಯುತ್ತಿದ್ದನೆಂದೂ, ಆತನನ್ನು ಶಾಂತಗೊಳಿಸುವುದಕ್ಕಾಗಿ ಮೊದಲ ಫಸಲನ್ನು ಅರ್ಪಿಸುವ ಪದ್ಧತಿ ಹುಟ್ಟಿತೆಂದೂ ಕಥೆ. ಗುಡಿಯು ಕೆಂಪೇಗೌಡನ ಕಾಲದ್ದೆಂದು ಪ್ರತೀತಿ. ಆದರೆ ನೆಲಗಡಲೆಯು ದಕ್ಷಿಣ ಅಮೆರಿಕದ ಸಸ್ಯ. ಹದಿನಾರನೆಯ ಶತಮಾನದಿಂದೀಚೆಗೆ ಸಮುದ್ರದ ಮೇಲೆ ಬಂದು, ನಮ್ಮ ಸೀಮೆಯಲ್ಲಿ ಬೇರೂರಿ ಹರಡುವುದಕ್ಕೆ ಮತ್ತಷ್ಟು ಕಾಲ ಹಿಡಿಯಿತು. ಆದುದರಿಂದ ಪರಿಷೆಯ ಈಗಿನ ರೂಪವು ಗುಡಿಯಷ್ಟು ಹಳೆಯದಾಗಿರಲಾರದು. ಹೊಸ ಬೆಳೆಯೊಂದು ಹಳೆಯ ದೇವರ ಮುಂದೆ ಬಂದು, ತನಗೂ ಒಂದು ಪುರಾಣವನ್ನು ಪಡೆದುಕೊಂಡಿತೆಂದು ಹೇಳುವುದು ಯುಕ್ತ. ಇಷ್ಟರಿಂದ ಪರಿಷೆಯ ಗೌರವಕ್ಕೆ ಕುಂದಿಲ್ಲ. ಬೇಸಾಯದ ಚರಿತ್ರೆಯಲ್ಲಿ ನಡೆದ ಒಂದು ದೊಡ್ಡ ಬದಲಾವಣೆಗೆ ಜನರೇ ಇಟ್ಟುಕೊಂಡ ವಾರ್ಷಿಕ ದಾಖಲೆಯಾಗಿ ಅದನ್ನು ನಾವು ಓದಬಹುದು. ಗುಡಿ ಮತ್ತು ಅಂಗಡಿ ಬೇರೆಯಲ್ಲವೆಂಬುದಕ್ಕೂ ಈ ಪರಿಷೆಯೇ ಪ್ರಮಾಣ. ಪೂಜೆಗಾಗಿ ಸೇರಿದ ಜನರೇ ಇಲ್ಲಿ ಕೊಳ್ಳುವವರು.

೫

ಬಸವನಗುಡಿಯಿಂದ ಉತ್ತರಕ್ಕೆ ಬಂದರೆ ಹಳೆಯ ಕೋಟೆಯ ಪ್ರದೇಶ. ಕೆಂಪೇಗೌಡನ ಮಣ್ಣಿನ ಕೋಟೆಯನ್ನು ಹೈದರಾಲಿಯು ೧೭೬೧ರಿಂದ ಕಲ್ಲಿನಿಂದ ಕಟ್ಟಿಸಿದನು. ೧೭೯೧ರ ಮಾರ್ಚಿ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆಯು ಮೊದಲು ಪೇಟೆಯನ್ನೂ, ಎರಡು ವಾರಗಳ ಮೇಲೆ ಕೋಟೆಯನ್ನೂ ಹಿಡಿಯಿತು. ಈಗ ದೆಹಲಿ ಬಾಗಿಲು ಮತ್ತು ಅದರ ಪಕ್ಕದ ಗೋಡೆಯಷ್ಟೇ ಉಳಿದಿವೆ. ಅಲ್ಲಿಂದ ಕೂಗಳತೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣಸ್ವಾಮಿಯ ಗುಡಿ. ಅದರ ಮಗ್ಗುಲಲ್ಲಿಯೇ ಹೈದರನು ೧೭೮೧ರಲ್ಲಿ ಆರಂಭಿಸಿ ಟಿಪ್ಪುವು ೧೭೯೧ರಲ್ಲಿ ಮುಗಿಸಿದ ಮರದ ಕಂಬಗಳ ಅರಮನೆ. ಸ್ವಲ್ಪ ದೂರದಲ್ಲಿ ೧೯೨೮ರ ಕೃಷ್ಣರಾಜೇಂದ್ರ ಮಾರುಕಟ್ಟೆ. ಗುಡಿ, ನೋಡುವ ವಸ್ತುವಾದ ಅರಮನೆ, ಕೊಳ್ಳುವ ಸಂತೆ, ಈ ಮೂರೂ ಇಷ್ಟು ಒತ್ತಾಗಿ ಸೇರಿರುವ ಸ್ಥಳವು ನಗರದಲ್ಲಿ ಇನ್ನೊಂದಿಲ್ಲ. ಮಾರುಕಟ್ಟೆಯು ನಿಂತಿರುವುದು ಕೋಟೆಗೂ ಪೇಟೆಗೂ ನಡುವೆ ಇದ್ದ, ಸಿದ್ದಿಕಟ್ಟೆಯೆಂಬ ಜಾಗದಲ್ಲಿ. ೧೭೯೧ರಲ್ಲಿ ಗುಂಡುಗಳು ಹಾರಿದ ಬಯಲಿನ ಮೇಲೆ ಈಗ ಪ್ರತಿದಿನವೂ ಬೆಳಗಿನ ಜಾವಕ್ಕೆ ಹೂವಿನ ರಾಶಿಗಳು ಬೀಳುತ್ತವೆ. ಆ ಹೂವು ಮುಂದೆ ಗುಡಿಗಳಿಗೆ ಹೋಗುತ್ತದೆ.

ಮಾರುಕಟ್ಟೆಯನ್ನು ದಾಟಿದೊಡನೆ ಹಳೆಯ ಪೇಟೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವಲ್ಲಿ ಕೆಂಪೇಗೌಡನು ನಾಲ್ಕು ಜೊತೆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಉಳಿಸಿ ಬೀದಿಗಳನ್ನು ಗುರುತಿಸಿದನೆಂದು ಐತಿಹ್ಯ. ಸುತ್ತಲಿನ ಹೆಸರುಗಳನ್ನು ಸುಮ್ಮನೆ ಓದುತ್ತ ಹೋದರೆ ಸಾಕು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ತರಗುಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆ. ಮೊದಲ ಗುಂಪು ಸರಕುಗಳ ಪಟ್ಟಿ. ಎರಡನೆಯದು ಸರಕನ್ನು ಮಾಡಿದ ಮತ್ತು ಮಾರಿದ ಜನರ ಪಟ್ಟಿ. ಯಾವ ಅರಸನೂ ಇಂಥದೊಂದು ಜನಗಣತಿಯನ್ನು ಕಲ್ಲಿನಲ್ಲಿ ಬರೆಯಿಸಲಿಲ್ಲ. ಗಾಡಿ ಹೊಡೆಯುವವರೂ ವಿಳಾಸ ಕೇಳುವವರೂ ತಮ್ಮ ಬಾಯಲ್ಲಿ ಇದನ್ನು ನಾಲ್ಕು ಶತಮಾನ ಉಳಿಸಿಕೊಂಡು ಬಂದರು.

ವಸ್ತುಗಳಾದರೋ ಇಲ್ಲಿ ನಿಲ್ಲಲಿಲ್ಲ. ನಿಲ್ಲದಿರುವುದೇ ವ್ಯಾಪಾರದ ಧರ್ಮ. ಬಳೇಪೇಟೆಯು ಇಂದು ವೀಣೆ, ತಬಲ, ಹಾರ್ಮೋನಿಯಂ ಮುಂತಾದ ವಾದ್ಯಗಳ ಅಂಗಡಿಗಳಿಗೆ ಹೆಸರಾಗಿದೆ. ಗಾಣಿಗರಪೇಟೆಯಲ್ಲಿ ಎತ್ತಿನ ಗಾಣವನ್ನು ಹುಡುಕುವವನು ಬರಿಗೈಯಲ್ಲಿ ಹಿಂದಿರುಗುವನು. ೧೮೦೦ರಲ್ಲಿ ಬುಕಾನನ್ ಎಂಬ ವೈದ್ಯನು ಕಂಪನಿಯ ಆಜ್ಞೆಯಂತೆ ಈ ಸೀಮೆಯಲ್ಲಿ ಸಂಚರಿಸಿದಾಗ ಬೆಂಗಳೂರಿನ ಖತ್ರಿ, ಪಟವೇಗಾರ, ತೊಗಟ, ದೇವಾಂಗ ಮೊದಲಾದ ನೆಯ್ಗೆಯವರನ್ನು ಕುರಿತು ವಿವರವಾಗಿ ಬರೆದನು. ಮಗ್ಗಗಳು ಆಮೇಲೆ ಹೊರವಲಯಗಳಿಗೂ ಬೇರೆ ಊರುಗಳಿಗೂ ಹರಡಿದವು. ಆದರೂ ಚಿಕ್ಕಪೇಟೆಯ ಓಣಿಗಳಲ್ಲಿ ರೇಷ್ಮೆ ಸೀರೆಯ ವ್ಯಾಪಾರವು ಬಿಡದೆ ನಡೆಯುತ್ತಿದೆ. ಮದುವೆಗಾಗಿ ಸೀರೆ ಕೊಳ್ಳಲು ಬಂದ ಗೃಹಿಣಿಯು ತಿಳಿಯದೆಯೇ ಆ ನೇಕಾರರ ಚರಿತ್ರೆಯ ಕೊನೆಯ ಎಳೆಯನ್ನು ಕೈಯಲ್ಲಿ ಹಿಡಿದಿರುತ್ತಾಳೆ.

ಹೆಸರಿಗೂ ಆಯುಸ್ಸು ಉಂಟು. ದೊಡ್ಡಪೇಟೆಯು ಅವೆನ್ಯೂ ರಸ್ತೆಯಾಯಿತು. ಅರಳೆಪೇಟೆಯನ್ನು ಇಂಗ್ಲಿಷಿಗೆ ಭಾಷಾಂತರಿಸಿ ಕಾಟನ್‌ಪೇಟೆ ಮಾಡಿದರು. ಎರಡನೆಯದರಲ್ಲಿ ಅರ್ಥವಾದರೂ ಉಳಿದಿದೆ; ಮೊದಲನೆಯದರಲ್ಲಿ ಅದೂ ಇಲ್ಲ. ಕಲ್ಲು ಒಡೆದರೆ ಚೂರಾದರೂ ಸಿಕ್ಕೀತು. ಹೆಸರು ಬದಲಾದರೆ ಅಗೆದು ತೆಗೆಯುವುದಕ್ಕೆ ಏನೂ ಇರುವುದಿಲ್ಲ.

ಈ ಪೇಟೆಯ ನಕ್ಷೆಯನ್ನು ಕಾಗದವಿಲ್ಲದೆ ವರ್ಷಕ್ಕೊಮ್ಮೆ ಬರೆಯುವ ಒಂದು ಆಚರಣೆ ಉಳಿದುಬಂದಿದೆ. ಚೈತ್ರ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗವು ಹೊರಟು, ವೀರಕುಮಾರರ ನಡುವೆ ಪೇಟೆಪೇಟೆಗಳನ್ನು ಸುತ್ತಿ, ಅಲ್ಲಲ್ಲಿಯ ಗುಡಿಗಳಲ್ಲಿ ಪೂಜೆ ಪಡೆದು, ತವಕ್ಕಲ್ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬೆಳಗಾಗುವುದರೊಳಗೆ ಹಿಂದಿರುಗುತ್ತದೆ. ಅಂಗಡಿಯವರು ಆ ರಾತ್ರಿ ತಮ್ಮ ಬಾಗಿಲುಗಳಲ್ಲಿಯೇ ದೇವರನ್ನು ಎದುರುಗೊಳ್ಳುವರು. ಹಗಲೆಲ್ಲ ವ್ಯಾಪಾರದ ಬೀದಿಯಾದದ್ದು ಆ ಒಂದು ರಾತ್ರಿ ಪ್ರದಕ್ಷಿಣೆಯ ಪಥವಾಗುತ್ತದೆ.

೬

ಹೀಗೆ ಮೂರು ಆಶ್ರಯಗಳಲ್ಲಿ ಯಾವುದೊಂದೂ ತಾನೇ ಸಾಲದೆಂಬುದು ಸ್ಪಷ್ಟವಾಯಿತು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಬಹುದೇ ಎಂಬುದು ಮುಂದಿನ ಪ್ರಶ್ನೆ. ತುಂಬಬಹುದೆಂಬುದಕ್ಕೆ ಇತ್ತೀಚಿನ ಒಂದು ಸಂಗತಿಯು ಧೈರ್ಯವನ್ನು ಕೊಡುತ್ತದೆ.

೨೦೧೮ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿರುವಾಗ ವೀರಗಲ್ಲೊಂದು ಹೊರಬಿದ್ದಿತು. ಅದು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. ೭೫೦ರದು; ಎಂದರೆ ಬೇಗೂರಿನ ಕಲ್ಲಿಗಿಂತಲೂ ಒಂದು ಶತಮಾನಕ್ಕೆ ಮೇಲ್ಪಟ್ಟು ಹಳೆಯದು. ಪೆರ್ಬೊಳಲ್‌ನಾಡಿನ ಮೇಲೆ ರಾಷ್ಟ್ರಕೂಟರ ಪಡೆಯು ಬಿದ್ದಾಗ ಕಿತ್ತಯ್ಯನೆಂಬುವನು ಹೋರಾಡಿ ಮಡಿದನೆಂದು ಅದರಲ್ಲಿದೆ. ಪೆರ್ಬೊಳಲೇ ಹೆಬ್ಬಾಳವೆಂಬುದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾದುದಲ್ಲ. ರೈಸ್ ಅವರು ೧೯೦೫ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದ ಕಾಲಕ್ಕೆ ಈ ಕಲ್ಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಸಂಪುಟದಲ್ಲಿ ಸೇರಿದ್ದ ಕಲ್ಲುಗಳಲ್ಲಿ ಅನೇಕವು ಈ ನಡುವೆ ಕಣ್ಮರೆಯಾದವು. ಹೆಬ್ಬಾಳದ ಕಲ್ಲು ಮಾತ್ರ ಕೆಲವರು ಶಾಸನಾಸಕ್ತ ನಾಗರಿಕರ ಕೈಗೆ ಸಿಕ್ಕಿತು. ಅವರು ಅದರ ಅಕ್ಷರಗಳನ್ನು ಯಂತ್ರದ ಬೆಳಕಿನಿಂದ ಅಳೆದು ಮೂರು ಆಯಾಮಗಳ ಪ್ರತಿಯನ್ನು ಮಾಡಿದರು. ಕಲ್ಲನ್ನು ದೂರಕ್ಕೆ ಸಾಗಿಸದೆ ಹೆಬ್ಬಾಳದಲ್ಲಿಯೇ ಮಂಟಪದ ಆಶ್ರಯದಲ್ಲಿ ನಿಲ್ಲಿಸಿದರು. ಪ್ರತಿಯು ಎಲ್ಲಿ ಬೇಕಾದರೂ ಹೋಗಬಲ್ಲುದು. ಕಲ್ಲು ತನ್ನ ಊರಿನಲ್ಲಿಯೇ ಇರಬಲ್ಲುದು. ಆತಕೂರಿನ ಕಾಲದಲ್ಲಿ ಸಾಧ್ಯವಿಲ್ಲದಿದ್ದ ಪರಿಹಾರವು ಈಗ ಸಾಧ್ಯವಾಗಿದೆ.

ಇದರಿಂದ ಮೂರು ಕರ್ತವ್ಯಗಳು ತಾವಾಗಿಯೇ ಒದಗುತ್ತವೆ. ವಸ್ತುಸಂಗ್ರಹಾಲಯದ ಪ್ರತಿಯೊಂದು ಕಲ್ಲಿನ ಬಳಿಯೂ ಅದು ಬಂದ ಊರಿನ ನಕ್ಷೆ ಇರಬೇಕು. ಮೂಲ ಸ್ಥಳದಲ್ಲಿ ಅದರ ಪಡಿಯಚ್ಚು ನಿಲ್ಲಬೇಕು. ದೇವಾಲಯಗಳಲ್ಲಿ ಗೋಡೆಗೆ ಬಣ್ಣ ಬಳಿಯುವ ಮೊದಲು, ಹೊಸ ಮಂಟಪವನ್ನು ಎತ್ತುವ ಮೊದಲು, ಇದ್ದುದನ್ನು ಇದ್ದಹಾಗೆ ಬರೆದಿಡಬೇಕು. ಪೇಟೆಯ ಹೆಸರುಗಳನ್ನು ಶಾಸನಗಳಷ್ಟೇ ಗೌರವದಿಂದ ಕಾಣಬೇಕು. ಹೊಸ ಹೆಸರನ್ನು ಬರೆಯುವ ಹಲಗೆಯಲ್ಲಿ ಹಳೆಯದಕ್ಕೂ ಒಂದು ಸಾಲು ಬಿಡಬೇಕು. ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ನೋಡತಕ್ಕವರು ಕೇಳಿದರೆ ಮಾಡತಕ್ಕವರು ದೊರೆಯುವರು.

ಬೆಂಗಳೂರಿನಲ್ಲಿ ಒಂದು ದಿನವನ್ನು ಕಳೆಯುವ ಪ್ರವಾಸಿಯು ಬೆಳಗಿನಲ್ಲಿ ನಾಗತ್ತರನ ಕಲ್ಲನ್ನು ಕಂಡು, ನಡುಹಗಲಿನಲ್ಲಿ ಬೇಗೂರಿನ ನಾಗೇಶ್ವರನಿಗೆ ಕೈಮುಗಿದು, ಸಂಜೆಗೆ ಬಳೇಪೇಟೆಯಲ್ಲಿ ತಂಬೂರಿಯೊಂದನ್ನು ಕೊಂಡರೆ, ಹನ್ನೊಂದು ಶತಮಾನಗಳನ್ನು ದಾಟಿದಂತಾಯಿತು. ಈ ಮೂರನ್ನೂ ಜೋಡಿಸುವ ದಾರವನ್ನು ಆತನಿಗೆ ಕೊಡುವುದು ನಮ್ಮಂಥ ಪರಿಷತ್ತುಗಳ ಕೆಲಸ. ದಾರವಿಲ್ಲದೆ ಹೋದರೆ ಆತನು ಒಂದು ಕಲ್ಲು, ಒಂದು ಗುಡಿ, ಒಂದು ಅಂಗಡಿ ಇಷ್ಟನ್ನೇ ನೋಡಿ ಊರಿಗೆ ಹಿಂದಿರುಗುವನು. ಬೆಂಗಳೂರನ್ನು ಮಾತ್ರ ಕಂಡಿರಲಾರನು.